ತಳ್ಳಿದ ಹಿಮ ಎಲ್ಲಿಗೆ ಹೋಗಬೇಕು?

ಹುಬ್ಬಳ್ಳಿಯ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫ್ಯಾಬ್ರಿಕೇಶನ್ ಶೆಡ್ ನಡೆಸುವ ಕೆಲವು ಗೆಳೆಯರು ಮತ್ತು ಡಿಪ್ಲೊಮಾ ಓದುವ ಹುಡುಗರ ಮುಂದೆ, ಹಿಮ ತೆಗೆಯುವ ಬ್ಲೇಡನ್ನು ಹೇಗೆ ಆರಿಸಬೇಕು ಅಂತ ಒಂದು ಭಾನುವಾರ ಆಡಿದ ಮಾತುಗಳಿವು. ಬರೆಯುವಾಗ ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.

ಸುಗ್ಗಿ ಹೊತ್ತಿಗೆ ಹಾವೇರಿ ಕಡೆ ಹೋದವರು ನೋಡಿರುತ್ತೀರಿ. ಹೈವೇ ಪಕ್ಕದ ಸರ್ವಿಸ್ ರಸ್ತೆ ತುಂಬ ಗೋವಿನಜೋಳ ಹರವಿರುತ್ತಾರೆ. ಸಂಜೆ ಮೋಡ ಕಟ್ಟಿದರೆ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ಉದ್ದನೆ ಕೋಲಿಗೆ ಬಡಿದ ಹಲಗೆ ಹಿಡಿದು ಕಾಳು ತಳ್ಳುತ್ತಾರೆ. ಮೊದಲ ನಾಲ್ಕು ಹೆಜ್ಜೆ ಹಲಗೆ ಮುಂದೆ ಕಾಳು ಚೆನ್ನಾಗಿ ಗುಡ್ಡೆಯಾಗುತ್ತದೆ. ಐದನೇ ಹೆಜ್ಜೆಗೆ ಎರಡೂ ತುದಿಯಿಂದ ಸೋರಲು ಶುರುವಾಗುತ್ತದೆ. ಹತ್ತನೇ ಹೆಜ್ಜೆಗೆ ಮುಂದೆ ಎಷ್ಟು ಸೇರುತ್ತದೋ ಅಷ್ಟೂ ಪಕ್ಕಕ್ಕೆ ಹೋಗುತ್ತಿರುತ್ತದೆ. ಅಲ್ಲಿಂದ ಮುಂದೆ ತಳ್ಳಿದ್ದೆಲ್ಲ ದಂಡ.

ಎರಡು ವರ್ಷದ ಹಿಂದೆ ಮೋಟೆಬೆನ್ನೂರು ದಾಟಿದ ಮೇಲೆ ಚಹಾಕ್ಕೆ ಗಾಡಿ ನಿಲ್ಲಿಸಿದ್ದೆ. ಅಲ್ಲೊಬ್ಬ ಹಿರಿಯರು ತಮ್ಮ ಹಲಗೆಯ ಎರಡೂ ತುದಿಗೆ ಗೇಣುದ್ದದ ಹಲಗೆ ತುಂಡು ಮುಂದಕ್ಕೆ ಚಾಚುವಂತೆ ಮೊಳೆ ಹೊಡೆದುಕೊಂಡಿದ್ದರು. ಮೂರು ಬದಿ ಇರುವ, ಮುಂದೆ ಬಾಯಿ ತೆರೆದ ಪೆಟ್ಟಿಗೆಯ ಹಾಗೆ. ಒಂದು ಕಾಳೂ ಪಕ್ಕಕ್ಕೆ ಹೋಗುತ್ತಿರಲಿಲ್ಲ.

"ಇದ್ಯಾಕ್ರಿ ಯಜಮಾನ್ರ ಹಿಂಗ?" ಅಂದೆ.

"ಮಳಿ ಬರಾಕ ಹತ್ತೈತಿ. ಒಂದ ಕಾಳು ಎರಡೆರಡು ಸಲ ಎಲ್ಲಿ ದೂಡಕೋತ ಕುಂದರೂದು?" ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಕೆನಡಾದಲ್ಲಿ ಹಿಮ ತಳ್ಳಲು ಅದೇ ಪೆಟ್ಟಿಗೆಯನ್ನು ಹನ್ನೆರಡು ಅಡಿ ಅಗಲಕ್ಕೆ, ಉಕ್ಕಿನಲ್ಲಿ ಮಾಡಿ, ಬಾಕ್ಸ್ ಪುಶರ್ ಅಂತ ಹೆಸರಿಟ್ಟು ಲಕ್ಷಗಟ್ಟಲೆ ರೂಪಾಯಿಗೆ ಮಾರುತ್ತಾರೆ. ಆ ಹಿರಿಯರ ಪಕ್ಕದಲ್ಲೇ ಒಬ್ಬ ತಾಯಿ ಹಲಗೆಯನ್ನು ಓರೆಯಾಗಿ ಹಿಡಿದು ರಸ್ತೆ ಉದ್ದಕ್ಕೂ ನಡೆಯುತ್ತಿದ್ದರು. ಕಾಳು ಒಂದೇ ಬದಿಗೆ ಸರಿದು ಬದುವಿನ ಹಾಗೆ ಸಾಲಾಗಿ ಕೂರುತ್ತಿತ್ತು. ಅದು ಆ್ಯಂಗಲ್ ಬ್ಲೇಡ್. ಬರೀ ನೆಟ್ಟಗಿನ ಹಲಗೆ ಸ್ಟ್ರೇಟ್ ಬ್ಲೇಡ್. ನಾನು ಕೆನಡಾದಲ್ಲಿ ಒಂಬತ್ತು ಚಳಿಗಾಲ ಕಳೆದು ಕಲಿತದ್ದು ಆ ರಸ್ತೆಯ ಮೇಲೆ ಹತ್ತು ನಿಮಿಷದಲ್ಲಿ ಕಣ್ಣ ಮುಂದೆ ಬಂತು.

ಇವತ್ತಿನ ಮಾತಿಗೆ ಕಾರಣ ಹೇಳಿಬಿಡುತ್ತೇನೆ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಶೆಡ್ಡಿನ ಅಣ್ಣ ಜೆಸಿಬಿ ಬಕೆಟ್ ಮಾಡುವವರು. ಅವರಿಗೆ ಹಿಮಾಚಲದಿಂದ ಒಬ್ಬ ಕಾಂಟ್ರಾಕ್ಟರ್ ಫೋನ್ ಮಾಡಿದ್ದಾರೆ. "ಬರ್ಫ್ ತೆಗೆಯೋಕೆ ಒಂದು ಬ್ಲೇಡ್ ಬೇಕು, ಹತ್ತಡಿ, ರೇಟ್ ಹೇಳಿ" ಅಂದಿದ್ದಾರೆ. ಅಣ್ಣ ನನ್ನನ್ನು ಕೇಳಿದರು. ಹತ್ತಡಿ ಅನ್ನುವುದು ಉತ್ತರ, ಪ್ರಶ್ನೆ ಏನು ಅಂತ ಗೊತ್ತಿಲ್ಲ ಅಂದೆ. ನಾನು ಮೊದಲು ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಕೆಟ್‌ಗಳಿಗೆ ವೆಲ್ಡಿಂಗ್ ಮಾಡುತ್ತಿದ್ದೆ. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ ಮಾಲ್, ಗೋದಾಮು, ಆಸ್ಪತ್ರೆಗಳ ಪಾರ್ಕಿಂಗ್ ಜಾಗದ ಹಿಮ ತೆಗೆಯುವ ಒಂದು ಕಂಪನಿಯ ವರ್ಕ್‌ಶಾಪಿನಲ್ಲಿದ್ದೆ. ಹಗಲು ರಿಪೇರಿ. ಜನ ಕಮ್ಮಿ ಬಿದ್ದ ರಾತ್ರಿ ಲೋಡರ್ ಹತ್ತುತ್ತಿದ್ದೆ. ಎರಡೂ ಕಡೆಯಿಂದ ನೋಡಿದ್ದೇನೆ ಅನ್ನುವಷ್ಟೇ ನನ್ನ ಅರ್ಹತೆ.

ಮೊದಲು ಹಿಮದ ತೂಕ. ನೋಡಿದರೆ ಅರಳೆ ಹಾಗಿರುತ್ತದೆ, ಅದರಿಂದಲೇ ಮೋಸ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ಬರುತ್ತದೆ. ಅದೇ ಒಂದು ದಿನ ಕುಳಿತು, ಸ್ವಲ್ಪ ಬಿಸಿಲು ಬಿದ್ದು ಒದ್ದೆಯಾದರೆ 300 ಕಿಲೋ ದಾಟುತ್ತದೆ. ಪೂರ್ತಿ ಗಟ್ಟಿಯಾದ ಮಂಜುಗಡ್ಡೆ 917 ಕಿಲೋ.

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಮೇಲಿನ ಶೀಟು ಸದ್ಯಕ್ಕೆ ಮರೆತುಬಿಡಿ. ಅಗಲ ಹತ್ತು ಮೀಟರ್ ಅಂತ ಇಟ್ಟುಕೊಳ್ಳಿ. ಅದರ ಮೇಲೆ 15 ಸೆಂಟಿಮೀಟರ್ ಹಿಮ ಬಿತ್ತು ಅನ್ನಿ. ಅಂದರೆ ಪಾದದ ಹರಡಿನ ಮೇಲೆ ನಾಲ್ಕು ಬೆರಳು. ಸುಮಾರು 2,260 ಘನ ಮೀಟರ್ ಆಯಿತು. ಒಣ ಹಿಮವಾದರೆ 226 ಟನ್. ಒದ್ದೆ ಹಿಮವಾದರೆ 678 ಟನ್. ಜಾಗ ಅದೇ, ಎತ್ತರ ಅದೇ, ಕೆಲಸ ಮೂರು ಪಟ್ಟು. ಬರೀ ಎಷ್ಟು ಇಂಚು ಬೀಳುತ್ತದೆ ಅಂತ ಕೇಳಿ ಬ್ಲೇಡ್ ಆರಿಸಿದವನು ಈ ಮೂರು ಪಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಾನೆ.

"ಸರ, ಮಷಿನ್ ದೊಡ್ಡದಿದ್ರ ಆತಲ್ರಿ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಎಲ್ಲರಿಗೂ ಇಂಜಿನ್ನಿನ ಹಾರ್ಸ್‌ಪವರ್ ಮೇಲೆ ಕಣ್ಣು. ಆದರೆ ಹಿಮದಲ್ಲಿ ಇಂಜಿನ್ ಸೋಲುವ ಮೊದಲು ಟೈರು ಸೋಲುತ್ತದೆ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಜಿನ್ ಗರ್ ಅನ್ನುತ್ತದೆ, ಚಕ್ರ ನಿಂತಲ್ಲೇ ತಿರುಗುತ್ತದೆ. ತುಳಿದು ನುಣುಪಾದ ಹಿಮದ ಮೇಲೆ ಟೈರಿಗೆ ಸಿಗುವ ಹಿಡಿತ ಒಣ ಡಾಂಬರಿನ ಅರ್ಧಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಬ್ಲೇಡಿನ ಅಗಲ ನಿರ್ಧಾರ ಮಾಡುವುದು ಮಷಿನ್ನಿನ ತೂಕ ಮತ್ತು ಟೈರು. ಚೈನ್ ಕಟ್ಟುತ್ತಾರೋ ಇಲ್ಲವೋ, ನಾಲ್ಕೂ ಚಕ್ರಕ್ಕೆ ಡ್ರೈವ್ ಇದೆಯೋ ಇಲ್ಲವೋ, ಇದನ್ನು ಮೊದಲು ಕೇಳಿ. ಬ್ಯಾಕ್‌ಹೋ ಲೋಡರಿಗೆ, ಅಂದರೆ ನಾವು ಯಾವ ಕಂಪನಿಯದ್ದಾದರೂ ಜೆಸಿಬಿ ಅನ್ನುತ್ತೇವಲ್ಲ ಅದಕ್ಕೆ, ಬಾಕ್ಸ್ ಪುಶರ್ ಆದರೆ ಸಾಮಾನ್ಯವಾಗಿ 10ರಿಂದ 12 ಅಡಿ ಹಾಕುತ್ತಾರೆ. ಸ್ಕಿಡ್ ಸ್ಟಿಯರಿಗೆ, ಅಂದರೆ ನಿಂತಲ್ಲೇ ತಿರುಗುವ ಪುಟ್ಟ ಲೋಡರಿಗೆ, ಎಂಟರ ಆಸುಪಾಸು.

12 ಅಡಿ ಪುಶರ್, ಎತ್ತರ ಒಂದು ಮೀಟರ್, ಪಕ್ಕದ ತಡಿಕೆ ಒಂದು ಮೀಟರ್ ಅಂದರೆ ಸುಮಾರು ಮೂರೂವರೆ ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಒಣ ಹಿಮದಲ್ಲಿ ಅದು 360 ಕಿಲೋ ಚಿಲ್ಲರೆ. ಒದ್ದೆ ಹಿಮದಲ್ಲಿ ಒಂದು ಟನ್ನಿಗೂ ಮೇಲೆ. ಒಣ ಹಿಮಕ್ಕೆ ಅಂತ ಆರಿಸಿದ ಅಗಲವಾದ ಪುಶರ್ ಮಾರ್ಚ್ ತಿಂಗಳ ಒದ್ದೆ ಹಿಮದಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಆಗ ಡ್ರೈವರ್ ಏನು ಮಾಡುತ್ತಾನೆ? ಹಿಂದೆ ಬಂದು ಓಡಿಸಿಕೊಂಡು ಹೋಗಿ ಗುದ್ದುತ್ತಾನೆ. ಹಾಗೆ ಗುದ್ದಿದ್ದೇ ಆಮೇಲೆ ನಮ್ಮ ಬೆಸುಗೆಯಲ್ಲಿ ಬಿರುಕಾಗಿ ವಾಪಸ್ ಬರುತ್ತದೆ.

ಸ್ಕಿಡ್ ಸ್ಟಿಯರ್ ಅಂದಾಗ ಒಂದು ಮಾತು ನೆನಪಾಯಿತು. ಅದು ಹುಟ್ಟಿದ್ದು ಹಿಮಕ್ಕಲ್ಲ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಒಬ್ಬ ಟರ್ಕಿ ಕೋಳಿ ಸಾಕುವವನಿಗೆ ಮಹಡಿ ಕೊಟ್ಟಿಗೆಯಲ್ಲಿ ಕೋಳಿ ಗೊಬ್ಬರ ಬಳಿಯುವ ಮಷಿನ್ ಬೇಕಾಗಿತ್ತು. ಕಂಬಗಳ ನಡುವೆ ತಿರುಗಬೇಕು, ಮಹಡಿ ಕುಸಿಯಬಾರದು. ಕೆಲ್ಲರ್ ಅನ್ನುವ ಅಣ್ಣತಮ್ಮಂದಿರು, ಊರಿನ ಗ್ಯಾರೇಜಿನವರು, ಮೂರು ಚಕ್ರದ ಒಂದು ಪುಟ್ಟ ಲೋಡರ್ ಮಾಡಿಕೊಟ್ಟರು. ಅದೇ ಬೆಳೆದು ಸ್ಕಿಡ್ ಸ್ಟಿಯರ್ ಆಯಿತು. ಶೆಡ್ಡಿನವರನ್ನು ಯಾರೂ ಕಡೆಗಣಿಸಬಾರದು ಅಂತ ಇದನ್ನು ಎಲ್ಲ ಕಡೆ ಹೇಳುತ್ತಿರುತ್ತೇನೆ.

ಈಗ ಆಕಾರಕ್ಕೆ ಬರೋಣ. ಇಲ್ಲಿ ನನ್ನದು ಒಂದೇ ಹಟ. ಹಿಮ ಎಲ್ಲಿ ಬಿದ್ದಿದೆ ಅಂತ ಎಲ್ಲರೂ ನೋಡುತ್ತಾರೆ. ತಳ್ಳಿದ್ದು ಎಲ್ಲಿಗೆ ಹೋಗಬೇಕು ಅಂತ ಮೊದಲು ನೋಡಿ. ರಸ್ತೆಯಾದರೆ ಪಕ್ಕದಲ್ಲಿ ಜಾಗ ಇರುತ್ತದೆ. ಓರೆ ಬ್ಲೇಡ್ ಹಿಡಿದು ನಡೆದರೆ ಹಿಮ ತಾನೇ ಪಕ್ಕಕ್ಕೆ ಉರುಳಿ ಸಾಲಾಗುತ್ತದೆ. ಅಲ್ಲಿ ಬಾಕ್ಸ್ ಪುಶರ್ ತಂದರೆ ಕೆಟ್ಟೆವು. ಅದು ತುಂಬಿಕೊಂಡು ಹೋಗುತ್ತದೆ, ಎಲ್ಲಿ ಸುರಿಯಬೇಕು ಅಂತ ಗೊತ್ತಾಗುವುದಿಲ್ಲ. ಮಾಲಿನ ಪಾರ್ಕಿಂಗ್ ಆದರೆ ತಿರುಗುಮುರುಗು. ನಾಲ್ಕೂ ಕಡೆ ಕಾರು, ಫುಟ್‌ಪಾತು, ಅಂಗಡಿ ಬಾಗಿಲು. ಪಕ್ಕಕ್ಕೆ ಉರುಳಿಸಿದ ಸಾಲನ್ನು ಮತ್ತೆ ತಳ್ಳಬೇಕು. ಮೋಟೆಬೆನ್ನೂರಿನ ಯಜಮಾನರು ಬೇಡ ಅಂದದ್ದು ಅದನ್ನೇ. ಅಲ್ಲಿ ಪೆಟ್ಟಿಗೆಯಲ್ಲಿ ಹಿಡಿದು ಒಂದು ಮೂಲೆಗೆ ಒಯ್ದು ರಾಶಿ ಹಾಕಬೇಕು.

ನಡುವಿನದ್ದು ವಿ ಬ್ಲೇಡ್. ಎರಡು ರೆಕ್ಕೆ, ನಡುವೆ ಕೀಲು. ರೆಕ್ಕೆ ಹಿಂದಕ್ಕೆ ಹೋದರೆ ಮೂತಿ ಚೂಪಾಗಿ, ಯಾರೂ ತುಳಿಯದ ಆಳದ ಹಿಮವನ್ನು ಸೀಳಿಕೊಂಡು ದಾರಿ ಮಾಡುತ್ತದೆ. ಮುಂದಕ್ಕೆ ಬಂದರೆ ಬೊಗಸೆ ಹಾಗಾಗಿ ಹಿಮವನ್ನು ಬಾಚಿ ಒಯ್ಯುತ್ತದೆ. ನೆಟ್ಟಗೆ ಮಾಡಿದರೆ ಸಾದಾ ಬ್ಲೇಡ್. ಒಂದೇ ಸಾಮಾನಿನಲ್ಲಿ ಮೂರು ಕೆಲಸ. ಕೇಳಲು ಚೆಂದ. ಆದರೆ ಕೀಲು, ಸಿಲಿಂಡರ್, ಹೋಸ್ ಎಲ್ಲ ಜಾಸ್ತಿ, ರಿಪೇರಿಯೂ ಜಾಸ್ತಿ. ಸಣ್ಣ ಸಣ್ಣ ಹತ್ತು ಜಾಗಗಳಿಗೆ ಒಂದೇ ಗಾಡಿ ಓಡಿಸುವವರಿಗೆ ಸರಿ. ಒಂದೇ ದೊಡ್ಡ ಮೈದಾನಕ್ಕೆ ಸುಮ್ನೆ ಖರ್ಚು. ರೆಕ್ಕೆ ಅಗಲಿಸುವ ಬ್ಲೇಡೂ ಇದೆ, ಎಂಟಡಿ ಇದ್ದದ್ದು ಹತ್ತಡಿ ಆಗುತ್ತದೆ. ಅದರ ಮಾತು ಈಗ ಬೇಡ. ನಾವು ಮಾಡುವ ಮೊದಲ ಬ್ಲೇಡ್ ಅದಾಗಬಾರದು.

ಇನ್ನೊಂದು ಸಂಗತಿಯನ್ನು ಯಾರೂ ಮೊದಲಿಗೆ ಯೋಚಿಸುವುದಿಲ್ಲ. ಗೋಡೆ. ಗೋದಾಮಿನಲ್ಲಿ ಲಾರಿ ಹಿಂದಕ್ಕೆ ತಂದು ನಿಲ್ಲಿಸುವ ಕಟ್ಟೆ ಇರುತ್ತದಲ್ಲ, ಅದರ ಬುಡದ ಹಿಮವನ್ನು ತಳ್ಳಲಾಗುವುದಿಲ್ಲ. ಗೋಡೆಯೊಳಕ್ಕೆ ತಳ್ಳುತ್ತೀರಾ? ಹಿಂದಕ್ಕೆ ಎಳೆಯಬೇಕು. ಬ್ಲೇಡನ್ನು ಗೋಡೆ ಬುಡದಲ್ಲಿ ಇಳಿಸಿ ಗಾಡಿ ಹಿಂದಕ್ಕೆ ತರಬೇಕು. ಅದಕ್ಕೆ ಬ್ಲೇಡಿನ ಬೆನ್ನಿಗೂ ಒಂದು ಅಂಚು ಬೇಕು. ಒಂದು ಚಳಿಗಾಲ ನಮ್ಮ ಕಂಪನಿ ಹನ್ನೆರಡು ಲಾರಿ ಕಟ್ಟೆ ಇರುವ ಗೋದಾಮನ್ನು ಹಿಡಿದು, ಅಲ್ಲಿಗೆ ಎಳೆಯಲು ಬಾರದ ಪುಶರ್ ಕಳಿಸಿತ್ತು. ಪುಶರ್ ನಡುವಿನ ಜಾಗವನ್ನೆಲ್ಲ ಅರ್ಧ ತಾಸಿನಲ್ಲಿ ಮುಗಿಸಿತು. ಕಟ್ಟೆ ಬುಡವನ್ನು ಬೆಳಗಿನ ತನಕ ನಾವು ನಾಲ್ಕು ಜನ ಸಲಿಕೆಯಿಂದ ತೆಗೆದೆವು.

ಅಗಲದ ಲೆಕ್ಕ ಬೋರ್ಡಿನ ಮೇಲೆ ಬರೆದು ತೋರಿಸಿದೆ, ಇಲ್ಲಿ ಬಾಯಿಮಾತಿನಲ್ಲೇ ಹೇಳುತ್ತೇನೆ. ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಬಳಿಯುವ ಅಗಲ ಕಮ್ಮಿಯಾಗುತ್ತದೆ. 0.866ರಿಂದ ಗುಣಿಸಿ. ಎಂಟಡಿ ಬ್ಲೇಡ್ 6 ಅಡಿ 11 ಇಂಚಾಗುತ್ತದೆ. ನಮ್ಮ ಬ್ಯಾಕ್‌ಹೋ ಲೋಡರಿನ ಅಗಲವೇ ಏಳು ಅಡಿಗೆ ಮೇಲೆ. ಅಂದರೆ ಬ್ಲೇಡ್ ಬಳಿಯದ ಹಿಮವನ್ನು ಹಿಂದಿನ ಚಕ್ರ ತುಳಿಯುತ್ತದೆ. ತುಳಿದ ಹಿಮ ಗಟ್ಟಿಯಾಗಿ ನೆಲಕ್ಕೆ ಅಂಟುತ್ತದೆ. ಮಾರನೇ ದಿನ ಅದನ್ನು ಕೀಳಬೇಕಾದರೆ ಉಕ್ಕಿನ ಅಂಚೇ ಬೇಕು. ಹತ್ತಡಿ ಬ್ಲೇಡ್ ಓರೆಯಾದರೆ 8 ಅಡಿ 8 ಇಂಚು. ಚಕ್ರದ ಆಚೆ ಈಚೆ ಸ್ವಲ್ಪ ಮಿಗುತ್ತದೆ. ಹಿಮಾಚಲದವರು ಹತ್ತಡಿ ಅಂದದ್ದು ತಪ್ಪಿರಲಿಕ್ಕಿಲ್ಲ. ಆದರೆ ಓರೆ ಆಗುವ ಬ್ಲೇಡೋ ಅಲ್ಲವೋ ಅಂತ ಅವರು ಹೇಳಿಲ್ಲ.

ಅಂಚಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಬ್ಲೇಡಿನಲ್ಲಿ ನೆಲ ಮುಟ್ಟುವುದು ಅದೊಂದೇ. ನಮ್ಮ ಅಪ್ಪನ ಹೊಲ ಗದಗಿನ ಹತ್ತಿರ, ಎರೆ ಭೂಮಿ. ಹರಗಲು ಹೊರಟರೆ ಮೊದಲು ನೋಡುತ್ತಿದ್ದದ್ದು ಕುಂಟೆಯ ಕುಡ. ಅದು ಮೊಂಡಾಗಿದ್ದರೆ ಎತ್ತು ಎಷ್ಟು ಗಟ್ಟಿ ಇದ್ದರೂ ಉಪಯೋಗ ಇಲ್ಲ. ನಾನೂ ಅದೇ ಬುದ್ಧಿ ಇಟ್ಟುಕೊಂಡು ಕೆನಡಾಕ್ಕೆ ಹೋದೆ. ಹರಿತವಾದ ಉಕ್ಕಿನ ಅಂಚು, ಗಟ್ಟಿಯಾಗಿ ಒತ್ತು. ಆದರೆ ಕುಂಟೆ ಮಣ್ಣಿನೊಳಗೆ ಹೋಗಬೇಕು, ಹಿಮದ ಬ್ಲೇಡ್ ನೆಲದೊಳಗೆ ಹೋಗಲೇಬಾರದು. ಈ ವ್ಯತ್ಯಾಸ ತಲೆಗೆ ಹೋಗಲು ನನಗೆ ಒಂದು ರಾತ್ರಿ ಬೇಕಾಯಿತು.

ಮೊದಲ ಚಳಿಗಾಲ. ರಾತ್ರಿ ಎರಡು ಗಂಟೆ ಇರಬಹುದು. ಒಂದು ದಿನಸಿ ಅಂಗಡಿಯ ಪಾರ್ಕಿಂಗ್. ಲೋಡರಿಗೆ ಹತ್ತಡಿ ಸ್ಟ್ರೇಟ್ ಬ್ಲೇಡ್, ಉಕ್ಕಿನ ಅಂಚು. ಈ ಬ್ಲೇಡ್‌ಗಳಲ್ಲಿ ಟ್ರಿಪ್ ಸ್ಪ್ರಿಂಗ್ ಅಂತ ಇರುತ್ತದೆ. ಕಲ್ಲಿಗೋ ಕಬ್ಬಿಣಕ್ಕೋ ಬಡಿದರೆ ಸ್ಪ್ರಿಂಗ್ ಹಿಗ್ಗಿ ಬ್ಲೇಡ್ ಮಡಚಿಕೊಂಡು ದಾಟುತ್ತದೆ, ಆಮೇಲೆ ತಾನೇ ನೆಟ್ಟಗಾಗುತ್ತದೆ. ಒದ್ದೆ ಹಿಮಕ್ಕೆ ಅದು ಸುಮ್ಮಸುಮ್ಮನೆ ಮಡಚಿಕೊಳ್ಳುತ್ತದೆ ಅಂತ ನಾನೇ ಸಂಜೆ ಸ್ಪ್ರಿಂಗಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದ್ದೆ. ಬ್ಲೇಡ್ ನೆಲದ ಏರಿಳಿತಕ್ಕೆ ತಕ್ಕಂತೆ ತಾನೇ ಏಳುಬೀಳಲಿ ಅಂತ ಲಿವರನ್ನು ಫ್ಲೋಟಿಗೂ ಹಾಕಿರಲಿಲ್ಲ, ಒತ್ತಿ ಹಿಡಿದಿದ್ದೆ. ಹಿಮದ ಕೆಳಗೆ ಮ್ಯಾನ್‌ಹೋಲ್ ಚೌಕಟ್ಟು ನೆಲಕ್ಕಿಂತ ಒಂದಿಂಚು ಮೇಲೆದ್ದಿತ್ತು. ಢಂ ಅಂತ ಸದ್ದಾಯಿತು. ಸ್ಟಿಯರಿಂಗ್ ಎದೆಗೆ ಬಡಿಯಿತು. ಒಂದು ಕ್ಷಣ ಏನಾಯಿತು ಅಂತಲೇ ತಿಳಿಯಲಿಲ್ಲ. ಇಳಿದು ನೋಡಿದರೆ ಬ್ಲೇಡಿನ ಹಿಂದಿನ ಫ್ರೇಮಿನಲ್ಲಿ ಬೆಸುಗೆಯ ಪಕ್ಕಕ್ಕೇ ಕೂದಲೆಳೆಯಂಥ ಬಿರುಕು. ಟಾರ್ಚ್ ಹಿಡಿದು ಬೆರಳಿನಿಂದ ಹಿಮ ಒರೆಸುತ್ತ ಹೋದೆ. ಬಿರುಕು ಒಂದು ಗೇಣು ಹೋಗಿತ್ತು.

ವರ್ಕ್‌ಶಾಪಿಗೆ ತಂದು ವೆಲ್ಡಿಂಗ್ ಶುರು ಮಾಡಿದೆ. ಮೇಸ್ತ್ರಿ ಬಂದು ಕೈ ಹಿಡಿದು ನಿಲ್ಲಿಸಿದ. ಹೊರಗೆ ಮೈನಸ್ 18. ಪ್ಲೇಟು ಅಷ್ಟೇ ತಣ್ಣಗಿತ್ತು, ಒಳಗೆ ತಂದ ಕೂಡಲೇ ಮೇಲೆಲ್ಲ ಬೆವರಿತ್ತು. ಹಾಗೇ ವೆಲ್ಡ್ ಮಾಡಿದರೆ ಬೆಸುಗೆ ಥಟ್ಟನೆ ಆರಿ ಗಡುಸಾಗುತ್ತದೆ. ತೇವದಿಂದ ಹೈಡ್ರೋಜನ್ ಒಳಗೆ ಸೇರಿ ಮತ್ತೆ ಅಲ್ಲೇ ಬಿರಿಯುತ್ತದೆ. ಗ್ಯಾಸ್ ಟಾರ್ಚಿನಿಂದ ಪ್ಲೇಟನ್ನು ಬಿಸಿ ಮಾಡಿ, ತೇವ ಆರಿಸಿ, ಒಣ ರಾಡು ಹಿಡಿದು ಮಾಡಬೇಕು. ಧಾರವಾಡದಲ್ಲಿ 35 ಡಿಗ್ರಿಯಲ್ಲಿ ಹತ್ತು ವರ್ಷ ವೆಲ್ಡಿಂಗ್ ಮಾಡಿದವನಿಗೆ ಪ್ಲೇಟು ತಾನೇ ಬಿಸಿಯಾಗಿರುವುದು ಎಂಥ ಉಪಕಾರ ಅಂತ ಆವತ್ತು ಗೊತ್ತಾಯಿತು.

ಇಲ್ಲಿಯ ಶೆಡ್ಡಿನವರು ಇನ್ನೊಂದು ವಿಷಯ ಬರೆದುಕೊಳ್ಳಿ. ಉಕ್ಕು ತಣ್ಣಗಾದರೆ ಗಾಜಿನ ಬುದ್ಧಿ ಬರುತ್ತದೆ. ಬಾಗುವ ಬದಲು ಬಿರಿಯುತ್ತದೆ. ನಾವು ದಿನಾ ತರಿಸುವ, ಐಎಸ್ 2062 ಅನ್ನುವ ಭಾರತೀಯ ಮಾನದಂಡದ ಉಕ್ಕಿನ ಪ್ಲೇಟಿನಲ್ಲೇ ನಾಲ್ಕು ದರ್ಜೆ ಇವೆ. ಎ ದರ್ಜೆಗೆ ಹೊಡೆತದ ಪರೀಕ್ಷೆ ಕಡ್ಡಾಯ ಇಲ್ಲ. ಬಿಆರ್ ಅಂದರೆ ನಾವು ಕೇಳಿದರೆ ಸಾದಾ ತಾಪದಲ್ಲಿ ಪರೀಕ್ಷೆ, ಬಿಸೊನ್ನೆ ಅಂದರೆ ಸೊನ್ನೆ ಡಿಗ್ರಿಯಲ್ಲಿ, ಸಿ ಅಂದರೆ ಮೈನಸ್ 20ರಲ್ಲಿ. ಬಕೆಟಿಗೆ ತರಿಸಿದ ಎ ದರ್ಜೆಯ ಪ್ಲೇಟು ಉಳಿದಿದೆ ಅಂತ ಅದನ್ನೇ ಹಿಮಾಲಯಕ್ಕೆ ಹೋಗುವ ಬ್ಲೇಡಿನ ಫ್ರೇಮಿಗೆ ಹಾಕಬೇಡಿ. ಹುಬ್ಬಳ್ಳಿಯಲ್ಲಿ ಅದು ಇಪ್ಪತ್ತು ವರ್ಷ ಬಾಳುತ್ತದೆ. ಅಲ್ಲಿ ಒಂದು ರಾತ್ರಿ ಸಾಕು. ಹೈಡ್ರಾಲಿಕ್ ಎಣ್ಣೆಯದ್ದೂ ಇದೇ ಕಥೆ. ಇಲ್ಲಿ ನಾವು ಹಾಕುವ 68 ನಂಬರಿನ ಎಣ್ಣೆ ಅಲ್ಲಿ ಬೆಲ್ಲದ ಪಾಕ ಆಗುತ್ತದೆ, 32ಕ್ಕೆ ಅಥವಾ ಅದಕ್ಕೂ ತೆಳ್ಳಗಿನದಕ್ಕೆ ಇಳಿಯಬೇಕು.

ಮತ್ತೆ ಅಂಚಿಗೆ ಬರುತ್ತೇನೆ. ಉಕ್ಕಿನ ಅಂಚು ತುಳಿದು ಗಟ್ಟಿಯಾದ ಹಿಮವನ್ನು ಕೆತ್ತುತ್ತದೆ. ಡಾಂಬರಿಗೆ, ಒರಟು ಕಾಂಕ್ರೀಟಿಗೆ ಸರಿ. ಪೇವರ್ ಬ್ಲಾಕ್ ಹಾಸಿದ ಅಂಗಳಕ್ಕೆ ಹಾಕಿದರೆ ಬ್ಲಾಕಿನ ಮೂಲೆ ಕಿತ್ತು ಕೈಗೆ ಕೊಡುತ್ತದೆ. ರಬ್ಬರ್ ಅಂಚು, ಕನ್ವೇಯರ್ ಬೆಲ್ಟಿಗಿಂತ ದಪ್ಪದ್ದು, ಮ್ಯಾನ್‌ಹೋಲಿಗೆ ಬಡಿದರೆ ಬಾಗಿ ದಾಟುತ್ತದೆ. ಒದ್ದೆ ಹಿಮ, ಕೆಸರು ಹಿಮವನ್ನು ಮನೆ ನೆಲ ಒರೆಸುವ ವೈಪರಿನ ಹಾಗೆ ಬಳಿಯುತ್ತದೆ. ಆದರೆ ಗಟ್ಟಿ ಹಿಮದ ಮೇಲೆ ಸುಮ್ಮನೆ ಜಾರುತ್ತದೆ, ಒಂದು ಪದರ ಉಳಿಸಿ ಹೋಗುತ್ತದೆ. ಆ ಪದರಕ್ಕೆ ಉಪ್ಪು ಹಾಕಬೇಕು. ಕಲ್ಲುಪ್ಪು ಮೈನಸ್ 9ರ ಕೆಳಗೆ ಹೋದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಂದರೆ ತೀರಾ ಚಳಿಯ ಊರಿನಲ್ಲಿ ರಬ್ಬರ್ ಅಂಚು ಹಾಕಿ, ಉಪ್ಪಿನ ಮೇಲೆ ಭರವಸೆ ಇಟ್ಟರೆ ಎರಡೂ ಕೈಕೊಡುತ್ತವೆ. ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಇವೆರಡರ ನಡುವೆ ಇದೆ. ರಬ್ಬರಿಗಿಂತ ಜಾಸ್ತಿ ದಿನ ಬಾಳುತ್ತದೆ, ದುಬಾರಿ. ಹೈವೇ ಬ್ಲೇಡ್‌ಗಳಿಗೆ ಕಾರ್ಬೈಡ್ ತುಂಡು ಕೂರಿಸಿದ ಅಂಚು ಬರುತ್ತದೆ, ನಮಗೆ ಸದ್ಯಕ್ಕೆ ಬೇಕಿಲ್ಲ.

ಟ್ರಿಪ್ಪಿನಲ್ಲೂ ಎರಡು ಜಾತಿ. ಇಡೀ ಬ್ಲೇಡ್ ಮುಂದಕ್ಕೆ ಮಗುಚುವುದು ಒಂದು. ಕೆಳಗಿನ ಗೇಣುದ್ದದ ಅಂಚು ಮಾತ್ರ ಹಿಂದಕ್ಕೆ ಮಡಚುವುದು ಇನ್ನೊಂದು. ಮೊದಲನೆಯದು ಮಗುಚಿದರೆ ಹೊತ್ತ ಹಿಮವೆಲ್ಲ ಚೆಲ್ಲುತ್ತದೆ. ಎರಡನೆಯದರಲ್ಲಿ ಹಿಮ ಉಳಿಯುತ್ತದೆ, ಆದರೆ ಆ ಅಂಚಿಗಿಂತ ಎತ್ತರದ ಕಲ್ಲಿಗೆ ಬಡಿದರೆ ಅದರ ಆಟ ನಡೆಯುವುದಿಲ್ಲ. ನನ್ನ ಮಟ್ಟಿಗೆ ಪಾರ್ಕಿಂಗ್ ಜಾಗಕ್ಕೆ ಎರಡನೆಯದೇ. ಫುಟ್‌ಪಾತಿನ ಕಲ್ಲು ಎಲ್ಲಿದೆ ಅಂತ ಹಿಮ ಬೀಳುವ ಮೊದಲೇ ಕೋಲು ನೆಟ್ಟು ಗುರುತು ಮಾಡಿರುತ್ತಾರೆ. ಕೆನಡಾದಲ್ಲಿ ಅಕ್ಟೋಬರ್ ಬಂತು ಅಂದರೆ ನಮಗೆಲ್ಲ ಅದೇ ಕೆಲಸ.

"ದೂಡಾಕ ಜಾಗಾನ ಇಲ್ಲಂದ್ರ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಆಗ ಎಸೆಯಬೇಕು. ಅದಕ್ಕೆ ಬ್ಲೋವರ್. ಒಳಗೆ ತಿರುಪು ತಿರುಗಿ ಹಿಮವನ್ನು ಎಳೆದುಕೊಳ್ಳುತ್ತದೆ, ಹಿಂದಿನ ಫ್ಯಾನು ಕೊಳವೆಯಿಂದ ಎತ್ತಿ ಒಗೆಯುತ್ತದೆ. ಕ್ವಿಬೆಕ್ಕಿನ ಆರ್ಥರ್ ಸಿಕಾರ್ ಅನ್ನುವವರು 1925ರಲ್ಲಿ ಇದನ್ನು ಮಾಡಿದರು. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಔಟ್ರಮಾಂಟ್ ಊರಿಗೆ ಮೊದಲನೆಯದನ್ನು ಮಾರಿದರು. ಅವರಿಗೆ ಈ ಯೋಚನೆ ಹೊಳೆದದ್ದು ಹೊಲದಲ್ಲಿ ಓಡುವ ರಾಶಿ ಮಷಿನ್ ನೋಡಿ ಅಂತ ಹೇಳುತ್ತಾರೆ. ನಮ್ಮ ಕಣದಲ್ಲಿ ಹೊಟ್ಟು ಹಾರುವುದನ್ನು ನೋಡಿದ ಯಾರಿಗಾದರೂ ಅದು ಹೌದೆನಿಸುತ್ತದೆ. ಬ್ಲೋವರ್ ಕೊಳ್ಳುವಾಗ ಮಾತ್ರ ಹಿಡಿತ, ತೂಕ ಬಿಟ್ಟು ಹೈಡ್ರಾಲಿಕ್ ಪಂಪನ್ನು ನೋಡಿ. ನಿಮಿಷಕ್ಕೆ ಎಷ್ಟು ಎಣ್ಣೆ ಬರುತ್ತದೆ ಅನ್ನುವುದೇ ಅದರ ಜೀವ. ಸಾದಾ ಸ್ಕಿಡ್ ಸ್ಟಿಯರಿನ ಪಂಪಿಗೆ ದೊಡ್ಡ ಬ್ಲೋವರ್ ಕಟ್ಟಿದರೆ ಹಿಮ ಹತ್ತಡಿ ಆಚೆಗೆ ಬಿದ್ದು ನಮ್ಮ ಮುಖ ನೋಡುತ್ತದೆ.

ನಮ್ಮ ದೇಶದಲ್ಲಿ ಎಸೆಯುವ ಕೆಲಸ ನೋಡಬೇಕಾದರೆ ಜೋಜಿ ಲಾ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ, ಎತ್ತರ 11,500 ಅಡಿಗೂ ಮೇಲೆ. 1960ರಲ್ಲಿ ಶುರುವಾದ ಬಾರ್ಡರ್ ರೋಡ್ಸ್ ಸಂಸ್ಥೆಯವರು ಅಲ್ಲಿ ಹಿಮದ ಗೋಡೆ ಕೊರೆದು ದಾರಿ ಬಿಡಿಸುತ್ತಾರೆ. ಹಿಂದೆಲ್ಲ ಆ ದಾರಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. 2023ರಲ್ಲಿ 68 ದಿನಕ್ಕೆ ತೆರೆದರು. 2025ರಲ್ಲಿ 32 ದಿನಕ್ಕೆ. ಗೋಡೆ ಎರಡೂ ಕಡೆ ಆಳೆತ್ತರ ದಾಟಿದ ಮೇಲೆ ಓರೆ ಬ್ಲೇಡ್ ಹಿಮವನ್ನು ಎಲ್ಲಿಗೆ ಉರುಳಿಸುತ್ತದೆ? ಜಾಗವೇ ಇಲ್ಲ. ಅಲ್ಲಿ ಬ್ಲೋವರ್ ಕಣಿವೆ ಕಡೆಗೆ ಒಗೆಯಬೇಕು. ಅಲ್ಲೂ ಅದೇ ಪ್ರಶ್ನೆ ನೋಡಿ, ಎಲ್ಲಿಗೆ ಹೋಗಬೇಕು ಅನ್ನುವುದು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಜೆಸಿಬಿ ಬಾಡಿಗೆ ತಾಸಿನ ಲೆಕ್ಕ. ತಾಸಿನ ಲೆಕ್ಕದಲ್ಲಿ ದುಡಿಯುವವನಿಗೆ ದೊಡ್ಡ ಪುಶರ್ ಯಾಕೆ ಬೇಕು, ಹೇಳಿ? ಕೆಲಸ ಬೇಗ ಮುಗಿದರೆ ಅವನಿಗೇ ನಷ್ಟ. ಕೆನಡಾದಲ್ಲಿ ಬಹಳ ಕಡೆ ಇಡೀ ಚಳಿಗಾಲಕ್ಕೆ ಇಷ್ಟು ಅಂತ ಗುತ್ತಿಗೆ, ಇಲ್ಲವೆಂದರೆ ಒಂದು ಸಲ ತೆಗೆದರೆ ಇಷ್ಟು. ಐದು ಸೆಂಟಿಮೀಟರ್ ಬಿದ್ದರೆ ಗಾಡಿ ಬರಬೇಕು ಅಂತ ಮೊದಲೇ ಬರೆದಿರುತ್ತಾರೆ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಯಾರಾದರೂ ಜಾರಿ ಬಿದ್ದರೆ ಕೋರ್ಟಿಗೆ ಹೋಗುತ್ತಾರೆ. ಅಲ್ಲಿ ಬೇಗ ಮುಗಿಸಿದವನೇ ಉಳಿಯುತ್ತಾನೆ, ಅದಕ್ಕೇ ದೊಡ್ಡ ಪುಶರ್‌ಗಳಿಗೆ ಅಷ್ಟು ಬೇಡಿಕೆ. ಹಾಗಾಗಿ ಗಿರಾಕಿಗೆ ಹಣ ಹೇಗೆ ಬರುತ್ತದೆ ಅಂತಲೂ ಕೇಳಬೇಕು. ಸಂಕೋಚ ಬೇಡ.

ಒಬ್ಬ ಹುಡುಗ ಕೊನೆಗೆ ಕೇಳಿದ. "ಬಕೆಟ್ ಬಿಚ್ಚಲಾರದ ಪುಶರ್ ಹಾಕಾಕ ಬರತೈತೇನ್ರಿ?" ಬರುತ್ತದೆ. ಪುಶರಿನ ಬೆನ್ನಿಗೆ ಒಂದು ತೊಟ್ಟಿಯ ಹಾಗೆ ಮಾಡಿರುತ್ತಾರೆ. ಬಕೆಟ್ಟಿನ ಬಾಯಿ ಅದರೊಳಗೆ ಹೊಕ್ಕು ಕೂರುತ್ತದೆ. ಎರಡು ಚೈನ್ ಹಾಕಿ ಬಿಗಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಪಿನ್ ಹೊಡೆದು ಬಕೆಟ್ ಬಿಚ್ಚುವ ರಗಳೆ ಇಲ್ಲ. ಮೊದಲ ಸಲ ಮಾಡುವವರಿಗೆ ಇದೇ ಸುಲಭ, ಹೈಡ್ರಾಲಿಕ್ ಹೋಸ್ ಒಂದೂ ಬೇಡ. ಚೈನು ಸಡಿಲ ಬಿಟ್ಟರೆ ಮಾತ್ರ ಪುಶರ್ ಹಿಮದಲ್ಲೇ ಉಳಿದು ಬಕೆಟ್ ಬರಿಗೈಯಲ್ಲಿ ವಾಪಸ್ ಬರುತ್ತದೆ. ಅದನ್ನೂ ನೋಡಿದ್ದೇನೆ.

ಮಾತು ಮುಗಿದು ಚಹಾ ಬಂತು. ಶೆಡ್ಡಿನ ಅಣ್ಣ ಅಲ್ಲೇ ಮೂಲೆಯಲ್ಲಿ ನಿಂತು ಹಿಮಾಚಲಕ್ಕೆ ಫೋನ್ ಹಚ್ಚಿದರು. ಅವರ ಹಿಂದಿ ನಮ್ಮ ಹುಬ್ಬಳ್ಳಿ ಹಿಂದಿಯೇ. ನೆಲ ಯಾವುದು, ತಳ್ಳಿದ್ದು ಎಲ್ಲಿ ಹಾಕುತ್ತೀರಿ, ಮಷಿನ್ ಯಾವುದು, ಚೈನ್ ಕಟ್ಟುತ್ತೀರಾ ಅಂತ ಒಂದೊಂದೇ ಕೇಳಿದರು. ಆ ಕಡೆಯವರು ಮಾತಿನಲ್ಲಿ ಹೇಳಲಾರದೆ ಒಂದು ಫೋಟೋ ಕಳಿಸಿದರು. ನಾವಿಬ್ಬರೂ ಇಷ್ಟು ದಿನ ಅದನ್ನು ಗುಡ್ಡದ ರಸ್ತೆ ಅಂದುಕೊಂಡಿದ್ದೆವು. ಫೋಟೋದಲ್ಲಿ ಇದ್ದದ್ದು ಒಂದು ಹೋಟೆಲಿನ ಅಂಗಳ. ಮೂರು ಕಡೆ ಗೋಡೆ, ನೆಲಕ್ಕೆ ಕೆಂಪು ಪೇವರ್ ಬ್ಲಾಕ್, ನಡುವೆ ಎರಡು ಮ್ಯಾನ್‌ಹೋಲ್, ಗೇಟಿನ ಆಚೆ ಒಂದು ಖಾಲಿ ಸೈಟು.

ಅಣ್ಣ ಫೋಟೋ ದೊಡ್ಡದು ಮಾಡಿ ನೋಡಿದರು. "ಇದಕ್ಕ ಪೆಟಗಿನ ಬೇಕು. ರಬ್ಬರ್ ಅಂಚು. ಬೆನ್ನಿಗೂ ಒಂದು ಪಟ್ಟಿ, ಗ್ವಾಡಿ ಕಡೆಯಿಂದ ಎಳಿಯಾಕ" ಅಂದರು.

"ಪ್ಲೇಟ್ ಕಟ್ ಮಾಡಿಸೀರೇನ್ರಿ?" ಅಂದೆ.

"ಓರೆ ಬ್ಲೇಡಿಗಂತ ಹತ್ತಡಿದು ನಿನ್ನೆನ ಬಗ್ಗಿಸಿ ಇಟ್ಟೇನಿ" ಅಂದು, ಚಹಾದ ಕಪ್ಪು ಕೆಳಗಿಟ್ಟು, ಶೆಡ್ಡಿನ ಹುಡುಗನಿಗೆ ಫೋನ್ ಹಚ್ಚಲು ಹೊರಗೆ ಹೋದರು.